ಗಿಟಾರಿನ ಹೊಟ್ಟೆಯ ಮೇಲೆ ನವಣೆ ಚೀಲ

ನನಗೆ ಗಿಟಾರು ಬಾರಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಏಕೆಂದರೆ ನಮ್ಮ ಮನೆಗೆ ಬಂದವರು ಪಡಸಾಲೆಯ ಗೋಡೆಯಲ್ಲಿ ಸಾಲಾಗಿ ನೇತಾಡುವ ಏಳು ಗಿಟಾರುಗಳನ್ನು ನೋಡಿ, ಕಾಫಿ ಲೋಟ ಕೆಳಗಿಟ್ಟು, "ಎಲ್ಲಿ, ಒಂದು ಬಾರಿಸ್ರಿ ನೋಡಾಣ" ಎನ್ನುತ್ತಾರೆ. ಬರುವುದಿಲ್ಲ ಎಂದರೆ ಅದನ್ನು ವಿನಯವೆಂದುಕೊಂಡು ಇನ್ನೂ ಒತ್ತಾಯ ಮಾಡುತ್ತಾರೆ. ಕೊನೆಗೆ ಅಡುಗೆಮನೆಯಿಂದ ನನ್ನ ಹೆಂಡತಿ ಈರಮ್ಮ, "ನಿಜವಾಗ್ಲೂ ಬರಲ್ರೀ ಅವ್ರಿಗೆ, ಬೇಕಾದ್ರೆ ನಾನು ಆಣೆ ಮಾಡ್ತೀನಿ" ಎಂದು ಕೂಗಿ ಹೇಳಿದ ಮೇಲೆ ನಂಬುತ್ತಾರೆ. ನಂಬಿದ ಮೇಲೆ ಅವರು ನನ್ನನ್ನು ನೋಡುವ ನೋಟವೇ ಬೇರೆಯಾಗುತ್ತದೆ. ಬೇಗ ಕಾಫಿ ಮುಗಿಸಿ ಏಳುತ್ತಾರೆ.

ಅವರದೇನೂ ತಪ್ಪಿಲ್ಲ. ನಾನು ಹೊಳಲ್ಕೆರೆಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಕುರಿಗೆ ಜಂತಿನ ಔಷಧ ಕುಡಿಸುವುದು, ಎಮ್ಮೆಯ ಬಾಯಿ ಹಿಡಿದು ನಿಲ್ಲುವುದು, ಎತ್ತಿನ ಗೊರಸಿಗೆ ಮುಲಾಮು ಬಳಿಯುವುದು, ಇದು ನನ್ನ ಕೆಲಸ. ಹೊಸದುರ್ಗದ ಕಡೆಯ ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಮುಗಿಸಿ, ಸರ್ಕಾರಿ ಸಂಬಳಕ್ಕೆ ಸೇರಿದ ಮೇಲೂ ಕುರಿಗಳು ನನ್ನನ್ನು ಬಿಟ್ಟಿರಲಿಲ್ಲ. ಇಂಥವನಿಗೆ ಗಿಟಾರಿನ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ಕೇಳಿದರೆ ಚಿತ್ರದುರ್ಗದ ಸಂತೆಯಲ್ಲಿ ಎನ್ನಬೇಕು. ಎಪ್ಪತ್ತರ ದಶಕ ಆಗಷ್ಟೇ ಆರಂಭವಾಗಿತ್ತು. ಹಳೇ ಸಾಮಾನು ಮಾರುವವನೊಬ್ಬ ಗೋಣಿ ಚೀಲ ಹಾಸಿ, ತೂತು ಬಿದ್ದ ಬಾಯ್ಲರು, ಕಾಲು ಮುರಿದ ಕುರ್ಚಿ, ಮುಳ್ಳಿಲ್ಲದ ಗಡಿಯಾರ ಹರವಿಕೊಂಡು ಕೂತಿದ್ದ. ಅವುಗಳ ನಡುವೆ ಇದೊಂದು ಮಲಗಿತ್ತು. "ಏನಿದು?" ಎಂದೆ. "ಸೊಂಟ ಇರೋ ಪಿಟೀಲು ಸ್ವಾಮಿ, ಹಿಡ್ಕಂಡು ಹೋಗ್ರಿ" ಎಂದ. ನನ್ನ ಕೈಯಲ್ಲಿದ್ದ ಛತ್ರಿಯ ಮೇಲೆ ಅವನಿಗೆ ಕಣ್ಣಿತ್ತು. ಛತ್ರಿ ಕೊಟ್ಟು ಗಿಟಾರು ತಂದೆ. ಅವತ್ತು ಮಳೆಯೂ ಬಂತು. ಗಿಟಾರನ್ನು ತಲೆಯ ಮೇಲೆ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದೆ. ಆಗ ಅದರ ಹೊಟ್ಟೆಯ ಮೇಲೆ ಬಿದ್ದ ಹನಿಗಳು ಒಂದೊಂದೂ ಒಂದೊಂದು ದನಿ ಮಾಡಿದವು ನೋಡಿ, ನಾನು ನಿಂತುಬಿಟ್ಟೆ. ಬಸ್ಸು ಹೋಯಿತು. ನನಗೆ ಬೇಸರವಾಗಲಿಲ್ಲ.

ಬೆರಗಾಗುವ ವಿಷಯದಲ್ಲಿ ನಾನು ಮೊದಲಿನಿಂದಲೂ ಧಾರಾಳಿ. ಆದರೆ ಗಿಟಾರಿನ ಒಳಗನ್ನು ನೋಡಿದಾಗ ಆದ ಬೆರಗಿಗೆ ಸಮ ಇನ್ನೊಂದಿಲ್ಲ. ಈರಮ್ಮನ ಕುಂಕುಮದ ಭರಣಿಯ ಸಣ್ಣ ಕನ್ನಡಿಯನ್ನು ಒಳಗೆ ಇಳಿಬಿಟ್ಟು, ಟಾರ್ಚು ಹಾಕಿ ನೋಡಿದೆ. ಹೊರಗೆ ಬಣ್ಣ ಕಿತ್ತು ಹೋಗಿ ಭಿಕಾರಿಯಂತಿದ್ದ ವಸ್ತುವಿನೊಳಗೆ ಯಾರಿಗೂ ಕಾಣದ ಜಾಗದಲ್ಲಿ ಸಣ್ಣ ಸಣ್ಣ ಮರದ ಪಟ್ಟಿಗಳನ್ನು ಎಷ್ಟು ನೀಟಾಗಿ ಕೂಡಿಸಿದ್ದರು! ಯಾರೋ ಒಬ್ಬ, ಯಾವ ಊರಿನವನೋ, ಪೆನ್ಸಿಲಿನಲ್ಲಿ ಗೆರೆ ಎಳೆದು ಗುರುತು ಮಾಡಿಕೊಂಡಿದ್ದ. ಆ ಗುರುತು ಹಾಗೇ ಇತ್ತು. ಮೇಲಿನ ಹಲಗೆ ಹಪ್ಪಳಕ್ಕಿಂತ ತುಸು ದಪ್ಪ ಅಷ್ಟೆ. ಆರು ತಂತಿಗಳು ಹಗಲೂ ರಾತ್ರಿ ಅದನ್ನು ಜಗ್ಗುತ್ತಿರುತ್ತವೆ. ನಾನು ಎತ್ತುಗಳ ಜಗ್ಗಾಟ ನೋಡಿದವನು. ಗೂಟ ಕಿತ್ತು ಬರುವುದನ್ನು ಕಂಡವನು. ಈ ಹಪ್ಪಳ ಮಾತ್ರ ಅಷ್ಟನ್ನೂ ತಾಳಿಕೊಂಡು, ಮೇಲಾಗಿ ಹಾಡುತ್ತದೆಯಲ್ಲ! ಎರಡು ದಿನ ಇದೇ ಮಾತನ್ನು ಸಿಕ್ಕವರಿಗೆಲ್ಲ ಹೇಳಿದೆ. ಆಸ್ಪತ್ರೆಯ ಡಾಕ್ಟರು, "ರಜಾ ಬೇಕಾದ್ರೆ ತಗೊಳ್ಳಿ" ಎಂದರು.

ಒಂದು ಬಂದ ಮೇಲೆ ಉಳಿದವು ತಾವಾಗಿಯೇ ದಾರಿ ಹುಡುಕಿಕೊಂಡು ಬಂದವು. ಹೊಸದುರ್ಗದಲ್ಲಿ ಕ್ಯಾಂಪು ಹಾಕಿ ಮುಳುಗಿದ ನಾಟಕ ಕಂಪನಿಯೊಂದರಿಂದ ಕತ್ತು ಸೊಟ್ಟಗಿದ್ದದ್ದು ಬಂತು. ಹಿರಿಯೂರಿನಿಂದ ವರ್ಗವಾಗಿ ಹೋಗುತ್ತಿದ್ದ ಇಂಜಿನಿಯರೊಬ್ಬರು ಲಾರಿಯಲ್ಲಿ ಜಾಗ ಸಾಲದೆ ಒಂದನ್ನು ದಾನ ಮಾಡಿದರು. ಇನ್ನೊಂದನ್ನು ಭೀಮಸಮುದ್ರದ ಮನೆಯೊಂದರಲ್ಲಿ ಕೋಳಿ ಕಾವಿಗೆ ಕೂರಿಸಲು ಬಳಸುತ್ತಿದ್ದರು. ಮರಿ ಹೊರಗೆ ಬರುವವರೆಗೆ ಕಾದು ತಂದೆ. ಎಲ್ಲವೂ ಬಡ ಗಿಟಾರುಗಳೇ. ಯಾವುದಕ್ಕೂ ಹೆಸರಿಲ್ಲ, ವಂಶವಿಲ್ಲ. ಒಂದರ ಬಿರುಕಿಗೆ ಅಂಟು, ಇನ್ನೊಂದರ ತಂತಿ ಬಿಗಿಯುವ ಕಿವಿಗೆ ಹೊಸ ಗೂಟ, ಹೀಗೆ ಭಾನುವಾರಗಳು ಕಳೆದವು. ಒಳಗಡೆ ಎಲ್ಲಿ ಪಟ್ಟಿ ಸಡಿಲವಾಗಿದೆ ಎಂದು ತಿಳಿಯಲು ಆಸ್ಪತ್ರೆಯ ಸ್ಟೆತಾಸ್ಕೋಪನ್ನು ಅದರ ಹೊಟ್ಟೆಗೆ ಇಟ್ಟು, ಬೆರಳಿನಿಂದ ತಟ್ಟಿ ಕೇಳುವ ವಿದ್ಯೆಯನ್ನು ನಾನೇ ಕಂಡುಹಿಡಿದೆ. ಹಾಗೆ ಕೇಳಿದಾಗ ಏನಾದರೂ ತಿಳಿಯುತ್ತಿತ್ತೇ ಎಂದು ಕೇಳಬೇಡಿ. ಕೇಳುವುದೇ ಒಂದು ಸುಖವಾಗಿತ್ತು.

ಈ ವಿದ್ಯೆಯೇ ನನ್ನನ್ನು ರೊಜಾರಿಯೊ ಸಾಹೇಬರ ಮುಂದೆ ಸಿಕ್ಕಿಸಿದ್ದು. ಅವರು ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು ಇಂಜಿನ್ ಓಡಿಸಿ ನಿವೃತ್ತರಾದವರು. ಎಪ್ಪತ್ತು ದಾಟಿದ ಮುದುಕರು. ಆರಡಿ ಎತ್ತರ, ಕಲ್ಲಿದ್ದಲ ಬಿಸಿಗೆ ಬೆಂದ ಕೆಂಪು ಮುಖ. ಕುಂಟುವ ನಾಯಿಯೊಂದನ್ನು ಎತ್ತಿಕೊಂಡು ಮಧ್ಯಾಹ್ನದ ಬಿಡುವಿನಲ್ಲಿ ಆಸ್ಪತ್ರೆಗೆ ಬಂದರು. ಡಾಕ್ಟರು ಊಟಕ್ಕೆ ಹೋಗಿದ್ದರು. ನಾನು ಕಿವಿಗೆ ಸ್ಟೆತಾಸ್ಕೋಪು ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಕೋಳಿಯ ಗಿಟಾರನ್ನು ಪರೀಕ್ಷೆ ಮಾಡುತ್ತಿದ್ದೆ. ಕಣ್ಣು ತೆರೆದರೆ ಎದುರಿಗೆ ಸಾಹೇಬರು, ಅವರ ತೋಳಿನಲ್ಲಿ ನಾಯಿ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಜ್ವರ ಎಷ್ಟಿದೆ ಮ್ಯಾನ್?" ಎಂದರು ಸಾಹೇಬರು.

ಅವರ ಕನ್ನಡದಲ್ಲಿ ಗೌರವದ ಬಹುವಚನ ಎಂಬುದು ಇರಲಿಲ್ಲ. ಸ್ಟೇಷನ್ ಮಾಸ್ತರಿಂದ ಹಿಡಿದು ಕಲೆಕ್ಟರರವರೆಗೆ ಎಲ್ಲರೂ 'ನೀನು', ಎಲ್ಲರೂ 'ಮ್ಯಾನ್'. ಯಾರೂ ಬೇಸರ ಮಾಡಿಕೊಂಡದ್ದು ನಾನು ಕಾಣೆ. ನಾಯಿಯ ಕಾಲಿನ ಮುಳ್ಳು ತೆಗೆದು ಕಟ್ಟು ಕಟ್ಟಿದೆ. ಅಷ್ಟರಲ್ಲಿ ಅವರು ಕೋಳಿಯ ಗಿಟಾರನ್ನು ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿ, "ಇದನ್ನೆಲ್ಲ ನೀನೇ ರಿಪೇರಿ ಮಾಡ್ತೀಯಾ?" ಎಂದರು. ನಾನು ಹೌದೆಂದೆ. ಅದು ಸುಳ್ಳಲ್ಲ, ಆದರೆ ರಿಪೇರಿಯಾದ ಗಿಟಾರನ್ನು ಆವರೆಗೆ ಯಾರೂ ಬಾರಿಸಿ ನೋಡಿರಲಿಲ್ಲ ಎಂಬುದನ್ನು ಹೇಳಲಿಲ್ಲ.

ಮುಂದಿನ ವಾರ ಅವರು ತಮ್ಮ ಗಿಟಾರನ್ನು ಕಂಬಳಿಯಲ್ಲಿ ಸುತ್ತಿ, ಪ್ಯಾಸೆಂಜರ್ ಗಾಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅವರ ತಂದೆಯ ಕಾಲದ್ದು. ತಂತಿಗಳು ತುಕ್ಕು ಹಿಡಿದು ಎರಡೇ ಉಳಿದಿದ್ದವು. ನಮ್ಮ ಪಡಸಾಲೆಯಲ್ಲಿ ಕೂತು ಸಾಹೇಬರು ವಿಷಯ ಹೇಳಿದರು. ಅವರ ಮೊಮ್ಮಗಳಿಗೆ ಮುಂದಿನ ತಿಂಗಳು ಮದುವೆ. ತಾಯಿಯಿಲ್ಲದ ಹುಡುಗಿ, ಅಜ್ಜನ ಹತ್ತಿರವೇ ಬೆಳೆದವಳು. ಚಿಕ್ಕವಳಿದ್ದಾಗ ಇವರು ಡ್ಯೂಟಿ ಮುಗಿಸಿ ಬಂದು ಒಂದು ಪದ ಬಾರಿಸಿದರೇನೇ ಊಟ ಮಾಡುತ್ತಿದ್ದಳಂತೆ. ನಿನ್ನ ಮದುವೆಯ ದಿನ ಬಾರಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ಆದರೆ ಹತ್ತು ವರ್ಷದಿಂದ ಮುಟ್ಟಿಲ್ಲ. "ಮುದಿ ಬೆರಳು ಮ್ಯಾನ್. ತಂತಿ ಚಾಕು ಹಾಗೆ ಕೊಯ್ಯುತ್ತೆ. ಆದ್ರೂ ಪರವಾಗಿಲ್ಲ, ರಕ್ತ ಬರಲಿ. ಒಂದು ಪದ ಬಾರಿಸಬೇಕು. ಅವಳು ಮರೆತಿರಬಹುದು, ನಾನು ಮರೆತಿಲ್ಲ" ಎಂದು ಬೆರಳು ಚಾಚಿ ತೋರಿಸಿದರು.

ನನ್ನ ಜೀವಮಾನದಲ್ಲಿ ಮನುಷ್ಯರು ಯಾರೂ ನನ್ನನ್ನು ನಂಬಿ ಇಂಥ ವಸ್ತುವನ್ನು ಕೊಟ್ಟಿರಲಿಲ್ಲ. ನನಗೆ ಎದೆ ತುಂಬಿ ಬಂತು. "ಹೊಸದರ ಥರ ಮಾಡಿಕೊಡ್ತೀನಿ ಸಾಹೇಬ್ರೇ" ಎಂದುಬಿಟ್ಟೆ. ಈರಮ್ಮ ಬಾಗಿಲ ಹಿಂದಿನಿಂದ ನನ್ನನ್ನು ನೋಡಿದಳು. ಗಾಬರಿ ಬಿದ್ದಾಗ ಅವಳ ಹುಬ್ಬು ಕೂಡಿಕೊಳ್ಳುತ್ತವೆ, ಅವತ್ತು ಕೂಡಿಕೊಂಡಿದ್ದವು. ನಾನು ಗಮನಿಸಿದರೂ ಲಕ್ಷ್ಯ ಕೊಡಲಿಲ್ಲ.

ದಾವಣಗೆರೆಗೆ ಹೋಗಿ ಅಂಗಡಿಯಲ್ಲಿದ್ದ ಅತಿ ದಪ್ಪನೆಯ ಉಕ್ಕಿನ ತಂತಿಗಳನ್ನು ತಂದೆ. ಗಟ್ಟಿ ತಂತಿಯಾದರೆ ಗಟ್ಟಿ ದನಿ ಬಂದೀತು ಎಂದು ನನ್ನ ಲೆಕ್ಕ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಕೆಲಸಕ್ಕೆ ಕೂತೆ. ಯಾವ ತಂತಿಯನ್ನು ಎಷ್ಟು ಬಿಗಿಯಬೇಕು ಎಂಬುದು ನನಗೆ ತಿಳಿದಿದ್ದರೆ ನಾನು ಬಾರಿಸುವವನೇ ಆಗುತ್ತಿದ್ದೆ. ನವಾರ ಮಂಚವನ್ನು ಬಿಗಿದ ಅನುಭವ ಮಾತ್ರ ಇತ್ತು. ಅದೇ ಧೈರ್ಯದಲ್ಲಿ ತಿರುಗಿಸಿದೆ, ಮೀಟಿದೆ, ಇನ್ನೂ ತಿರುಗಿಸಿದೆ. ದನಿ ಏರುತ್ತ ಏರುತ್ತ ಚೆಂದವಾಗುತ್ತಿತ್ತು. ಆರನೆಯ ತಂತಿಗೆ ಇನ್ನೊಂದು ಸುತ್ತು ಕೊಟ್ಟೆ ನೋಡಿ, ಢಮಾರೆಂದು ಸದ್ದಾಯಿತು. ತಂತಿಗಳನ್ನು ಹಿಡಿದಿಟ್ಟುಕೊಳ್ಳುವ ಮರದ ಕಟ್ಟೆ ಹೊಟ್ಟೆಯ ಹಲಗೆಯ ಒಂದು ಸೀಳನ್ನೂ ಕಿತ್ತುಕೊಂಡು ಹಾರಿಹೋಗಿ, ಕ್ಯಾಲೆಂಡರಿಗೆ ಬಡಿದು, ಈರಮ್ಮ ಆರಲು ಇಟ್ಟಿದ್ದ ಹಾಲಿನ ಪಾತ್ರೆಯೊಳಗೆ ಬಿತ್ತು.

ಈರಮ್ಮ ಬಂದು ಹಾಲಿನಲ್ಲಿ ಕೈಯಿಟ್ಟು ಅದನ್ನು ಎತ್ತಿದಳು. ಗಿಟಾರನ್ನು ನೋಡಿದಳು. ನನ್ನನ್ನು ನೋಡಿದಳು. ಬೈಯಬಹುದಿತ್ತು, ಬೈಯಲಿಲ್ಲ. "ಆ ಮಗು ಮದುವೆಗೆ ಇನ್ನ ಎಷ್ಟು ದಿನ ಐತೆ?" ಎಂದು ಮಾತ್ರ ಕೇಳಿದಳು. ಇಪ್ಪತ್ತೆರಡು ದಿನವಿತ್ತು. ನಾನು ಗೋಡೆಗೆ ಒರಗಿ ಕೂತೆ. ಆ ಮುದುಕರು ಬೆರಳು ಚಾಚಿ ತೋರಿಸಿದ್ದೇ ಕಣ್ಣ ಮುಂದೆ ಬರುತ್ತಿತ್ತು. ನನಗೆ ನಿಜವಾಗಿಯೂ ಅಳು ಬಂತು.

ಅತ್ತು ಮುಗಿಸಿದ ಮೇಲೆ ನಾನು ಮಾಡಿದ ಕೆಲಸಗಳು ಇನ್ನೂ ಘನವಾದವು. ಮೊದಲಿಗೆ ಸೈಕಲ್ ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ ಬಳಿದು ಅಂಟಿಸಿದೆ. ಅದು ಒಂದು ದಿನ ಹಿಡಿದುಕೊಂಡು, ತಂತಿ ಕಟ್ಟಿದ ಕೂಡಲೇ ಕೈಬಿಟ್ಟಿತು. ಆಮೇಲೆ ಬಡಗಿಯ ಹತ್ತಿರ ಒಯ್ದೆ. ಅವನು ಹಲಗೆಯನ್ನು ಬೆರಳಿನಲ್ಲಿ ಅಳೆದು, "ತೊಲೆ ತರ್ರಿ ಮಾಡ್ಕೊಡ್ತೀನಿ, ಬಾಗ್ಲು ತರ್ರಿ ಮಾಡ್ಕೊಡ್ತೀನಿ. ಹಪ್ಪಳಕ್ಕೆ ಉಳಿ ಹಾಕಾಕೆ ಆಗಾಕಿಲ್ಲ" ಎಂದು ವಾಪಸು ಕೊಟ್ಟ. ಈ ನಡುವೆ ಸಾಹೇಬರಿಗೆ ಮೂರು ಕಾರ್ಡು ಬರೆದೆ. ಮೊದಲನೆಯದರಲ್ಲಿ 'ಕೆಲಸ ಭರದಿಂದ ಸಾಗಿದೆ' ಎಂದೂ, ಎರಡನೆಯದರಲ್ಲಿ 'ಸೂಕ್ಷ್ಮ ಕೆಲಸ, ಅವಸರ ಸಲ್ಲದು' ಎಂದೂ, ಮೂರನೆಯದರಲ್ಲಿ 'ತಾವು ದಣಿದು ಬರುವುದು ಬೇಡ, ನಾನೇ ತಂದು ಒಪ್ಪಿಸುತ್ತೇನೆ' ಎಂದೂ ಬರೆದೆ. ಮೂರನೆಯದನ್ನು ಮಾತ್ರ ಎರಡೆರಡು ಸಲ ಅಡಿಗೆರೆ ಎಳೆದು ಬರೆದೆ.

ಹೀಗಿರುವಾಗ ಈರಮ್ಮ ಹಾಸಿಗೆ ಹಿಂಜಿಸಲು ಬುಡೇನ್ ಸಾಬರನ್ನು ಕರೆಸಿದಳು. ಹತ್ತಿ ಗಂಟುಕಟ್ಟಿದ ಹಾಸಿಗೆಗಳನ್ನು ಬಿಚ್ಚಿ, ಮತ್ತೆ ಹಗುರ ಮಾಡಿ ತುಂಬಿಕೊಡುವವರು ಅವರು. ಆಳೆತ್ತರದ ಬಿಲ್ಲು, ಅದಕ್ಕೆ ಕುರಿಯ ಕರುಳನ್ನು ಹೊಸೆದು ಕಟ್ಟಿದ ಹುರಿ. ಹುರಿಯನ್ನು ಹತ್ತಿಯ ಮೇಲೆ ಹಿಡಿದು ಮರದ ಕೊಡತಿಯಿಂದ ಹೊಡೆದರೆ ಟಂಯ್ ಟಂಯ್ ಎಂದು ಮಿಡಿಯುತ್ತ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸುತ್ತದೆ. ಬೀದಿಯಲ್ಲಿ ಬರುವಾಗ ಅವರು ಕೂಗುವುದೂ ಇಲ್ಲ. ಹುರಿಯನ್ನು ಎರಡು ಸಲ ಮೀಟಿದರೆ ಹೆಂಗಸರು ಹಾಸಿಗೆ ಹೊತ್ತು ಹೊರಗೆ ಬರುತ್ತಾರೆ. ಅಂದು ಅವರು ನಮ್ಮ ಅಂಗಳದಲ್ಲಿ ಹಿಂಜುತ್ತಿದ್ದರು. ನಾನು ಒಳಗೆ ಮನಸ್ಸಿನ ಸಂಕಟ ಮರೆಯಲು ಗೋಡೆಯ ಮೇಲಿನ ಒಂದು ಗಿಟಾರು ತೆಗೆದು, ಹಳೇ ತಂತಿಯೊಂದನ್ನು ಬಿಗಿಯುತ್ತ ಕೂತಿದ್ದೆ. ಹೊರಗೆ ಬಿಲ್ಲಿನ ಸದ್ದು ನಿಂತಿತು.

"ಅಕ್ಕಾ, ಒಳಗೆ ಯಾರೋ ತಂತಿ ಬಿಗೀತಾ ಅವ್ರೆ. ಸಾಕು ಅನ್ನು. ಇನ್ನರ್ಧ ಸುತ್ತಿಗೆ ಹರೀತೈತೆ" ಎಂದರು ಸಾಬರು.

ನಾನು ನಗುತ್ತ ಅರ್ಧ ಸುತ್ತು ತಿರುಗಿಸಿದೆ. ತಂತಿ ಹರಿದು ನನ್ನ ಮೂಗಿಗೆ ಬಡಿಯಿತು.

ಮೂಗು ಹಿಡಿದುಕೊಂಡೇ ಹೊರಗೆ ಬಂದೆ. ಗೋಡೆಯಾಚೆ, ಬೆನ್ನು ಹಾಕಿ ಕೂತು, ತಲೆ ಗಡ್ಡವೆಲ್ಲ ಹತ್ತಿಯಾಗಿದ್ದ ಮನುಷ್ಯ ಅರ್ಧ ಸುತ್ತಿನವರೆಗೆ ಲೆಕ್ಕ ಹೇಳಿದ್ದರು! ನನ್ನ ಸ್ಟೆತಾಸ್ಕೋಪಿನ ನೆನಪಾಗಿ ನಾಚಿಕೆಯಾಯಿತು. ನಾನು ಬಾಯಿ ಬಿಡುವ ಮೊದಲೇ ಈರಮ್ಮ ಒಳಗೆ ಹೋಗಿ, ಸಾಹೇಬರ ಗಿಟಾರನ್ನೂ ಕಿತ್ತುಬಂದ ಚೂರನ್ನೂ ತಂದು ಅವರ ಮುಂದಿಟ್ಟಳು. "ಬುಡೇನಣ್ಣ, ಇದೊಂದು ನೋಡು. ಒಬ್ಬ ಮುದುಕ್ರದ್ದು. ಮೊಮ್ಮಗಳ ಮದುವೀಗೆ ಬಾರಿಸ್ಬೇಕಂತೆ. ಇವ್ರು ಹಿಂಗೆ ಮಾಡಿ ಕುಂತವ್ರೆ" ಎಂದಳು.

ಸಾಬರು ಕೈಗೆ ಅಂಟಿದ ಹತ್ತಿಯನ್ನು ಒರೆಸಿಕೊಂಡರು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಉಗುರಿನಿಂದ ಅಲ್ಲಲ್ಲಿ ತಟ್ಟಿ, ಕಿವಿ ಹತ್ತಿರ ತಂದು ಕೇಳಿದರು. ತಂತಿ ಕಟ್ಟುವ ತೂತುಗಳ ಮೇಲೆ ಹೆಬ್ಬೆರಳು ಆಡಿಸಿದರು.

"ಇದಕ್ಕೆ ಕಬ್ಬಿಣ ಹಾಕಿದೋರು ಯಾರು?"

"ನಾನೇ" ಎಂದೆ.

"ಅದಕ್ಕೂ ಮುಂಚೆ ಯಾರೋ ಹಾಕವ್ರೆ ಬಿಡ್ರಿ. ನೀವೊಬ್ರೇ ಅಲ್ಲ. ಆದ್ರೆ ಇದು ಹುಟ್ಟಿದ್ದು ಹುರಿಗೆ. ಈ ತೂತಿನ ಬಾಯಿ ಮುಟ್ಟಿ ನೋಡ್ರಿ, ಒಳಗೆ ನುಣ್ಣಗೈತೆ. ಕರುಳಿನ ಹುರಿ ಸವೆಸಿದ್ದು ಅದು. ಮೇಲೆ ಕೊಯ್ದಂಗೆ ಗಾಯ ಆಗೈತಲ್ಲ, ಅದು ಕಬ್ಬಿಣದ್ದು. ಇಷ್ಟು ತೆಳ್ಳಗಿನ ಪೆಟ್ಟಿಗೆಗೆ ಕಬ್ಬಿಣ ಬಿಗಿದ್ರೆ ಕಿತ್ಕಂಡು ಬರ್ದೆ ಇನ್ನೇನಾಗ್ತೈತೆ ಸ್ವಾಮಿ?"

ನಾನು ಬೆರಳಿಟ್ಟು ನೋಡಿದೆ. ನಿಜ, ನುಣ್ಣಗಿತ್ತು. ಕುರಿಯ ಮನೆತನದಲ್ಲಿ ಹುಟ್ಟಿ, ದಿನಾ ಕುರಿಯ ಹೊಟ್ಟೆಗೆ ಔಷಧ ಹಾಕಿ ಸಂಬಳ ತಗೊಳ್ಳುವವನು ನಾನು. ಕುರಿಯ ಹೊಟ್ಟೆಯೊಳಗೆ ಗಿಟಾರಿನ ದನಿ ಇದೆಯೆಂದು ನನಗೆ ಹೊಳೆದಿರಲಿಲ್ಲ. "ಹುರಿ ನಾನು ಹೊಸೆದು ಕೊಡ್ತೀನಿ. ಮೂರು ದಪ್ಪ, ಮೂರು ಸಣ್ಣ. ಒಂದು ವಾರ ಬೇಕು. ಆದ್ರೆ ಹೊಟ್ಟೆ ಅಂಟಿಸೋ ಕೆಲ್ಸ ನಂಗೆ ಬರಾಕಿಲ್ಲ" ಎಂದರು ಸಾಬರು.

"ಅದು ನಂಗೆ ಬರ್ತೈತೆ" ಎಂದಳು ಈರಮ್ಮ.

ಅವಳ ತವರಿನಲ್ಲಿ ಕಂಬಳಿ ನೇಯುತ್ತಿದ್ದರು. ಉಣ್ಣೆಯ ಎಳೆ ಗಟ್ಟಿಯಾಗಲೆಂದು ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ಕುದಿಸಿ ಅಂಟು ಮಾಡಿ ಬಳಿಯುವುದು ಹೆಣ್ಣುಮಕ್ಕಳ ಕೆಲಸ. "ಒಂದ್ ಸಲ ಮಗ್ಗದ ಮರಾನೇ ಸೀಳಿತ್ತು. ನಮ್ಮಪ್ಪ ಅದಕ್ಕೂ ಅದನ್ನೇ ಹಚ್ಚಿದ್ರು. ಅವ್ರು ಹೋಗಿ ಎಂಟು ವರ್ಷ ಆತು, ಮಗ್ಗ ಇವತ್ತಿಗೂ ಆಡ್ತೈತೆ" ಎಂದಳು. ನನಗೆ ರೇಗಿತು. "ಐದು ವರ್ಷದಿಂದ ಈ ಮನೆಯಲ್ಲಿ ಅಂಟಿಗಾಗಿ ಊರೂರು ಅಲೀತಿದೀನಿ. ಈ ಮಾತು ಯಾಕೆ ಹೇಳಲಿಲ್ಲ?" ಎಂದೆ. "ನೀವು ಯಾವತ್ತಾದ್ರೂ ಕೇಳಿದ್ರಾ?" ಎಂದಳು. ಯೋಚಿಸಿ ನೋಡಿದೆ. ಕೇಳಿರಲಿಲ್ಲ.

ಅಲ್ಲಿಂದ ಮುಂದೆ ನನ್ನ ಹವ್ಯಾಸದಲ್ಲಿ ನನಗೆ ಸಿಕ್ಕ ಪಾತ್ರ ಹುಣಸೆಬೀಜದ ಸಿಪ್ಪೆ ತೆಗೆಯುವುದು. ಸಾಬರು ಗಾಜಿನ ಚೂರಿನಿಂದ ನನ್ನ ಸೈಕಲ್ ಸೊಲ್ಯೂಷನ್ನನ್ನು ಕೂದಲೆಳೆಯಷ್ಟೂ ಉಳಿಯದಂತೆ ಕೆರೆದು ತೆಗೆದರು. ಈರಮ್ಮ ಅಂಟನ್ನು ಬೆರಳ ಸಂದಿಯಲ್ಲಿ ಎಳೆದು ನೋಡಿ, ಇನ್ನೂ ಆಗಬೇಕು ಎಂದು ಒಲೆಗಿಟ್ಟು, ಮತ್ತೆ ಎಳೆದು ನೋಡಿ, ಸಾಕು ಎಂದಳು. ಕಿತ್ತ ಚೂರನ್ನು ಅದರ ಜಾಗದಲ್ಲಿ ಕೂರಿಸಿದ್ದು ಹೇಗೆಂದರೆ ಗಾಯ ಎಲ್ಲಿತ್ತೆಂದು ನಾನೇ ಹುಡುಕಬೇಕಾಯಿತು. ಆಮೇಲೆ ಮೇಲೆ ಭಾರ ಇಡಬೇಕು. ನಾನು ಉಪಕಾರ ಮಾಡಲು ಗುಂಡುಕಲ್ಲು ಹೊತ್ತು ತಂದೆ. ಇಬ್ಬರೂ ಒಟ್ಟಿಗೇ "ಬ್ಯಾಡ!" ಎಂದು ಕೂಗಿದರು. ಗಿಟಾರಿನ ಹೊಟ್ಟೆ ಮೇಲ್ನೋಟಕ್ಕೆ ಸಮ ಕಂಡರೂ ಒಳಗೊಳಗೇ ಒಂದಿಷ್ಟು ಉಬ್ಬಿರುತ್ತದಂತೆ. ಕಲ್ಲಿಟ್ಟರೆ ಒಂದೇ ಕಡೆ ಒತ್ತುತ್ತದೆ. ಈರಮ್ಮ ಹಳೇ ಸೀರೆಯ ತುಂಡಿನಲ್ಲಿ ಚೀಲ ಹೊಲಿದು, ನವಣೆ ತುಂಬಿ, ಕೂಸನ್ನು ಮಲಗಿಸುವ ಹಾಗೆ ಗಿಟಾರಿನ ಹೊಟ್ಟೆಯ ಮೇಲೆ ಮಲಗಿಸಿದಳು. ನವಣೆ ಜರುಗಿ, ಉಬ್ಬಿದ ಕಡೆ ಉಬ್ಬಿ, ತಗ್ಗಿದ ಕಡೆ ತಗ್ಗಿ, ಎಲ್ಲ ಕಡೆಯೂ ಸಮನಾಗಿ ಕೂತಿತು. ನಾನು ಆ ಚೀಲವನ್ನೇ ನೋಡುತ್ತ ನಿಂತೆ. ಮದುವೆಯಾಗಿ ಹನ್ನೆರಡು ವರ್ಷ ನವಣೆ ಅನ್ನ ಉಂಡಿದ್ದೇನೆ. ಇಷ್ಟೊಂದು ಬುದ್ಧಿ ಅದರಲ್ಲಿದೆಯೆಂದು ತಿಳಿದಿರಲಿಲ್ಲ.

ನಾಲ್ಕು ದಿನ ಗಿಟಾರು ಹಾಗೇ ಮಲಗಿತ್ತು. ನಾನು ಆಸ್ಪತ್ರೆಗೆ ಹೋಗುವಾಗಲೂ ಬರುವಾಗಲೂ ಮುಟ್ಟಲು ಹೋಗಿ ಬೈಸಿಕೊಂಡೆ. ವಾರ ಕಳೆದು ಬುಡೇನ್ ಸಾಬರು ಆರು ಹುರಿಗಳ ಸುರುಳಿ ಹಿಡಿದು ಬಂದರು. ಎರಡು ಬೇವಿನ ಮರಗಳ ನಡುವೆ ಎಳೆದು ಕಟ್ಟಿ ಒಣಗಿಸಿ, ಒರಟು ಬಟ್ಟೆಯಿಂದ ತಿಕ್ಕಿ ತಿಕ್ಕಿ ನಯ ಮಾಡಿದ್ದರು. ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಒಂದೊಂದನ್ನೇ ಕಟ್ಟಿ, ಪ್ರತಿಯೊಂದಕ್ಕೂ ಮೊದಲು ಗಿಟಾರಿನ ಹೊಟ್ಟೆ ತಟ್ಟಿ ಕೇಳಿ, ಆಮೇಲೆ ಹುರಿ ಬಿಗಿಯುತ್ತ ಹೋದರು. "ಪೆಟ್ಟಿಗೆ ಎಷ್ಟು ತಡೀತೈತೆ ಅಂತ ಅದೇ ಹೇಳ್ತೈತೆ. ನಾವು ಕೇಳ್ಬೇಕು ಅಷ್ಟೆ" ಎಂದರು. ನಾನು ಬಾಗಿಲ ಹತ್ತಿರ, ಹಾಲಿನ ಪಾತ್ರೆಯನ್ನು ಅಪ್ಪಿಕೊಂಡು ನಿಂತಿದ್ದೆ.

ಆರನೆಯದೂ ಆಯಿತು. ಸಾಬರು ಎಲ್ಲ ಹುರಿಗಳ ಮೇಲೂ ಒಮ್ಮೆ ಬೆರಳಾಡಿಸಿದರು. ಆ ದನಿಯನ್ನು ಹೇಗೆ ಹೇಳಲಿ? ಉಕ್ಕಿನ ತಂತಿಯ ಹಾಗೆ ಕಿವಿಗೆ ಬಂದು ಹೊಡೆಯಲಿಲ್ಲ. ನಿಧಾನವಾಗಿ ಪಡಸಾಲೆಯನ್ನೆಲ್ಲ ತುಂಬಿ ನಿಂತಿತು. ಅವರು ಅಂಗೈ ಇಟ್ಟು ಅದನ್ನು ನಿಲ್ಲಿಸಿದರು. ಆದರೂ ದನಿ ನಿಲ್ಲಲಿಲ್ಲ! ಎಲ್ಲಿಂದಲೋ ಸಣ್ಣಗೆ ಕೇಳುತ್ತಲೇ ಇತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಈರಮ್ಮ ಮೆಲ್ಲಗೆ ಗೋಡೆಯ ಹತ್ತಿರ ಹೋಗಿ, ನೇತುಹಾಕಿದ್ದ ಗಿಟಾರೊಂದರ ಮೇಲೆ ಕೈಯಿಟ್ಟು, "ಇವು ಓಗೊಡ್ತಾ ಅವೆ ಕಣ್ರೀ" ಎಂದಳು. ನಾಟಕ ಕಂಪನಿಯದು, ಇಂಜಿನಿಯರದು, ಕೋಳಿ ಕಾವಿಗೆ ಕೂತದ್ದು, ಯಾರೂ ಮುಟ್ಟದ ಆ ಬಡ ಗಿಟಾರುಗಳೆಲ್ಲ ತಾವಾಗಿಯೇ ಮಿಡಿಯುತ್ತಿದ್ದವು. ಒಂದು ದನಿ ಇನ್ನೊಂದನ್ನು ಎಬ್ಬಿಸುತ್ತದೆ ಎಂದು ಓದಿದವರು ವಿವರಣೆ ಕೊಡಬಹುದು. ನನಗೆ ವಿವರಣೆ ಬೇಕಾಗಿರಲಿಲ್ಲ. ನನ್ನ ಮೈಯೆಲ್ಲ ಜುಮ್ಮೆಂದಿತು. ಬುಡೇನ್ ಸಾಬರು ಟೋಪಿ ಸರಿಮಾಡಿಕೊಂಡು, "ಯಾ ಅಲ್ಲಾ" ಎಂದರು.

ಮದುವೆಗೆ ಮೂರು ದಿನ ಮೊದಲು ನಾನೊಬ್ಬನೇ ಗಿಟಾರು ಹೊತ್ತು ಚಿಕ್ಕಜಾಜೂರಿಗೆ ಹೋದೆ. ಒಡೆದ ವಿಷಯ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಸಾಹೇಬರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿ ತಿರುಗಿಸಿ ತಮಗೆ ಬೇಕಾದಂತೆ ಶ್ರುತಿ ಮಾಡಿಕೊಂಡು, ಬಾರಿಸತೊಡಗಿದರು. ಮೊದಲು ಬೆರಳು ತಡವರಿಸಿದವು. ಆಮೇಲೆ ದಾರಿ ಸಿಕ್ಕಿತು. ಎಷ್ಟೋ ಹೊತ್ತಿನ ಮೇಲೆ ನಿಲ್ಲಿಸಿ ಎಡಗೈ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು. "ನೋವಿಲ್ಲ ಮ್ಯಾನ್" ಎಂದರು. "ನಮ್ಮಪ್ಪ ಬಾರಿಸುವಾಗ ಇದೇ ದನಿ ಇತ್ತು. ಡಾನ್ಸಿನಲ್ಲಿ ಜೋರಾಗಿ ಕೇಳಲಿ ಅಂತ ನಾನೇ ಉಕ್ಕು ಹಾಕಿದೆ. ಇಪ್ಪತ್ತು ವರ್ಷದ ಹುಡುಗ ಆಗ." ಅವರ ಕಣ್ಣು ಒದ್ದೆಯಾಗಿದ್ದವು. ನಾನು ಜೋಡಿಸಿಕೊಂಡ ಮಾತು ಬಿಟ್ಟು, ಗಿಟಾರು ಸುತ್ತಿ ತಂದಿದ್ದ ಕಂಬಳಿಯನ್ನು ಮಡಚತೊಡಗಿದೆ.

"ಎಲ್ಲಾ ನೀನೇ ಮಾಡಿದ್ದಾ?" ಎಂದರು.

"ಮನೆಯವರೂ ಸ್ವಲ್ಪ ಸಹಾಯ ಮಾಡಿದ್ರು" ಎಂದೆ. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

"ಗುಡ್" ಎಂದು ಸಾಹೇಬರು ನಕ್ಕರು. "ಮದುವೆಗೆ ಹೆಂಡತೀನ ಕರ್ಕೊಂಡು ಬಾ. ಆ ಬಿಲ್ಲಿನ ಸಾಬಣ್ಣನನ್ನೂ ಕರ್ಕೊಂಡು ಬಾ." ನಾನು ಹೂಂ ಎಂದೆ. ಸಾಬರ ವಿಷಯ ನಾನು ಅವರಿಗೆ ಹೇಳಿಯೇ ಇರಲಿಲ್ಲ ಎಂಬುದು ಹೊಳೆದದ್ದು ರೈಲು ಹತ್ತಿ ಕೂತ ಮೇಲೆ. ಯಾವುದೋ ಕಾರ್ಡಿನಲ್ಲಿ ಬರೆದಿದ್ದೆನೋ ಏನೋ ಎಂದು ಸುಮ್ಮನಾದೆ. ಪಾರಾದವನು ಹೆಚ್ಚು ಯೋಚಿಸುವುದಿಲ್ಲ.

ಮದುವೆ ರೈಲ್ವೆ ಕಾಲೊನಿಯ ಸಭಾಂಗಣದಲ್ಲಿ. ಕೋಟು ತೊಟ್ಟ ಡ್ರೈವರುಗಳು, ಗಾರ್ಡುಗಳು, ಹೂವಿನ ಫ್ರಾಕಿನ ಹೆಂಗಸರು, ನಡುವೆ ಕಟ್ಟಡದ ಹಾಗೆ ಅಂತಸ್ತು ಅಂತಸ್ತಾಗಿ ಏರಿಸಿದ ಕೇಕು. ನಾವು ಮೂವರು ಹಿಂದಿನ ಬೆಂಚಿನಲ್ಲಿ ಕೂತೆವು. ಸಾಹೇಬರು ಕುರ್ಚಿ ಹಾಕಿಸಿಕೊಂಡು ಗಿಟಾರು ಎತ್ತಿಕೊಂಡಾಗ ಗಲಾಟೆ ನಿಂತಿತು. ಎಲ್ಲರೂ ಅವರ ಮುಖ ನೋಡಿದರು. ನಾನು ಆ ಮರದ ಕಟ್ಟೆಯೊಂದನ್ನೇ ನೋಡಿದೆ. ಅದು ಅಲ್ಲಾಡಲಿಲ್ಲ. ಒಂದು ಪದ ಅಂದಿದ್ದವರು ಒಂದರ ಮೇಲೊಂದು ಬಾರಿಸುತ್ತಲೇ ಹೋದರು. ಬಿಳಿ ಗೌನು ತೊಟ್ಟ ಮದುಮಗಳು ಎದ್ದು ಬಂದು, ಗೌನಿನ ಪರಿವೆಯೇ ಇಲ್ಲದೆ ಅಜ್ಜನ ಕಾಲ ಬುಡದಲ್ಲಿ ನೆಲಕ್ಕೆ ಕೂತು, ಮೊಣಕಾಲಿಗೆ ತಲೆ ಆನಿಸಿದಳು. ಅವಳು ಏನನ್ನೂ ಮರೆತಿರಲಿಲ್ಲ.

ಮುಗಿದ ಮೇಲೆ ಸಾಹೇಬರು ಎದ್ದು ನಿಂತರು. "ಈ ದನಿ ನನಗೆ ವಾಪಸು ಕೊಟ್ಟವರು ಮೂರು ಜನ. ಹಿಂದೆ ಕೂತಿದ್ದಾರೆ" ಎಂದರು. "ಒಂದು ದಿನ ತಾಳಲಾರದೆ ನಾನು ಹೊಳಲ್ಕೆರೆಗೆ ಹೋದೆ. ಈ ಮನುಷ್ಯ ಡ್ಯೂಟಿಗೆ ಹೋಗಿದ್ದ. ನೋಡ್ತೀನಿ, ನನ್ನ ಗಿಟಾರ್ ಹೊಟ್ಟೆ ಮೇಲೆ ನವಣೆ ಚೀಲ! ಈಯಮ್ಮ ಎಲ್ಲಾ ಹೇಳಿದಳು. ಉಪ್ಪಿಟ್ಟು ಕೊಟ್ಟಳು. ನೀನು ಅವನಿಗೆ ಹೇಳಬೇಡ, ಪಾಪ, ಹೆದರ್ತಾನೆ ಅಂದೆ." ನಾನು ಈರಮ್ಮನ ಕಡೆ ತಿರುಗಿದೆ. ಅವಳು ಬಹಳ ಆಸಕ್ತಿಯಿಂದ ಕೇಕನ್ನು ನೋಡುತ್ತಿದ್ದಳು.

"ಅಂಟಿಸಿದವಳು ಈ ತಾಯಿ" ಎಂದರು ಸಾಹೇಬರು. ಜನ ಚಪ್ಪಾಳೆ ತಟ್ಟಿದರು. "ಹುರಿ ಹೊಸೆದವನು ಈ ಸಾಬಣ್ಣ." ಮತ್ತೆ ಚಪ್ಪಾಳೆ. ಆಮೇಲೆ ನನ್ನ ಕಡೆ ಕೈ ತೋರಿಸಿ, ಒಂದು ಕ್ಷಣ ತಡೆದು, "ಇವನು ಮುರಿದವನು" ಎಂದರು. "ಇವನು ಅಷ್ಟು ಚೆನ್ನಾಗಿ ಮುರಿಯದೇ ಇದ್ದರೆ ಅದೇ ಉಕ್ಕಿನ ತಂತಿಯಲ್ಲಿ ಒಂದೇ ಒಂದು ಪದ ಬಾರಿಸಿ, ರಕ್ತ ಒರೆಸಿಕೊಂಡು, ಮತ್ತೆ ಬೀರು ಮೇಲೆ ಇಡ್ತಿದ್ದೆ. ಎದ್ದು ನಿಲ್ಲು ಮ್ಯಾನ್!"

ನಾನು ಎದ್ದು ನಿಂತೆ. ಮೊದಲಿನ ಎರಡನ್ನೂ ಸೇರಿಸಿದರೂ ಸಮನಾಗದಷ್ಟು ಚಪ್ಪಾಳೆ ಬಿತ್ತು. ಗಾರ್ಡೊಬ್ಬರು ಸೀಟಿಯನ್ನೂ ಊದಿದರು. ಏಳು ಗಿಟಾರು ರಿಪೇರಿ ಮಾಡಿ ಗೋಡೆ ತುಂಬ ನೇತುಹಾಕಿದಾಗ ಒಂದು ಶಹಬ್ಬಾಸ್ ಕೂಡ ಸಿಗದವನಿಗೆ, ಒಂದನ್ನು ಮುರಿದದ್ದಕ್ಕೆ ಇಷ್ಟು ದೊಡ್ಡ ಮರ್ಯಾದೆ! ನಾಚಿಕೆಪಡಬೇಕೆಂದು ನನಗೆ ಗೊತ್ತಿತ್ತು, ಪಟ್ಟೆ ಕೂಡ. ಆದರೆ ಅಷ್ಟು ಜನ ಮುಖವರಳಿಸಿ ತಟ್ಟುತ್ತಿರುವಾಗ ಕೂತುಬಿಡುವುದು ಸರಿಯಲ್ಲವೆಂದು ಬಲಕ್ಕೊಮ್ಮೆ, ಎಡಕ್ಕೊಮ್ಮೆ, ಮದುಮಕ್ಕಳ ಕಡೆಗೊಮ್ಮೆ ತಿರುಗಿ ಕೈಮುಗಿದೆ. ಚಪ್ಪಾಳೆ ನಿಂತ ಮೇಲೂ ಮುಗಿಯುತ್ತಲೇ ಇದ್ದೆನಂತೆ. ಈರಮ್ಮ ಅಂಗಿಯ ತುದಿ ಹಿಡಿದು ಜಗ್ಗಿ, "ಸಾಕು ಕುಂತ್ಕಳ್ರಿ" ಎಂದು ಕೂರಿಸಬೇಕಾಯಿತು.